ಆಪರೇಷನ್ ಅಂದರೆ ಹೆಂಗಸರದ್ದೇ?



ಈ ಹದಿನೈದು ದಿನಗಳಲ್ಲಿ ಬಂದ ಕಾಗದಗಳಲ್ಲಿ ಒಂದನ್ನು ನಾನು ಮೂರು ಸಲ ಓದಿದೆ. ಬರೆದವರು ಚಿತ್ರದುರ್ಗದ ಕಡೆಯ ಒಬ್ಬ ತಂಗಿ. ಹೆಸರು, ಊರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ವಯಸ್ಸು ಇಪ್ಪತ್ತಾರು. ಒಂದು ಹೆಣ್ಣು, ಒಂದು ಗಂಡು. ಎರಡೂ ಸಿಸೇರಿಯನ್. ಎರಡನೆಯ ಹೆರಿಗೆಯ ಹೊತ್ತಿಗೆ ಮೈಯಲ್ಲಿ ರಕ್ತ ತೀರಾ ಕಡಿಮೆಯಿತ್ತಂತೆ. ರಕ್ತ ಕೊಟ್ಟು ಹೇಗೋ ಉಳಿಸಿಕೊಂಡರು. ಹಾಗಾಗಿ ಆಗಲೇ ಆಪರೇಷನ್ ಮಾಡದೆ, ಸುಧಾರಿಸಿಕೊಂಡ ಮೇಲೆ ನೋಡೋಣ ಅಂತ ಮನೆಗೆ ಕಳಿಸಿದರು. ಈಗ ಆ ಮಗುವಿಗೆ ಒಂದೂವರೆ ವರ್ಷ. ಇನ್ನೊಂದು ಬಸಿರು ಬೇಡವೇ ಬೇಡ ಅಂತ ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದಾರೆ. ಅಷ್ಟೇ ಅಲ್ಲ, ಗಂಡನನ್ನೂ ಒಳಗೆ ಕರೆದು ಕೂರಿಸಿ, "ನಿಮ್ಮ ಹೆಂಡತಿ ಹೊಟ್ಟೆ ಎರಡು ಸಲ ಕೊಯ್ದಾಗಿದೆ. ಮೂರನೇ ಸಲ ಯಾಕ್ರೀ? ನೀವೇ ಮಾಡಿಸ್ಕೊಳ್ಳಿ, ಕಾಲು ಗಂಟೆ ಕೆಲಸ" ಅಂದರಂತೆ.

ಆತ ಒಲ್ಲೆ ಅನ್ನಲಿಲ್ಲ. ಮನೆಗೆ ಬಂದು ತಾಯಿಯ ಕಿವಿಗೆ ಹಾಕಿದ. ಅಲ್ಲಿಗೆ ಮುಗಿಯಿತು ನೋಡಿ! "ದುಡಿಯೋ ಗಂಡಸಿಗೆ ಕತ್ತಿ ಹಾಕಿಸ್ತೀಯೇನೇ? ನಾಳೆ ಅವನು ನೇಗಿಲು ಹಿಡಿಯೋದು ಹೆಂಗೆ, ಮೂಟೆ ಹೊರೋದು ಹೆಂಗೆ?" ಅಂತ ಅತ್ತೆ ಎರಡು ಹೊತ್ತು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರಂತೆ. ಗಂಡನದು ಒಂದೇ ಮಾತು: "ನಂಗೇನಿಲ್ಲ. ಊರಲ್ಲಿ ಆಡ್ಕೋತಾರೆ." ಕಾಗದದ ಕೊನೆಗೆ ಆಕೆ ಹೀಗೆ ಕೇಳಿದ್ದಾರೆ: "ಅಕ್ಕಾ, ನಾನೇ ಮಾಡಿಸ್ಕೊಂಡು ಬಿಡ್ಲಾ? ಮನೇಲಿ ಜಗಳನಾದ್ರೂ ತಪ್ಪುತ್ತೆ. ಆದ್ರೆ ಆ ಟೇಬಲ್ ಮೇಲೆ ಇನ್ನೊಂದ್ಸಲ ಮಲಗೋಕೆ ಭಯ ಆಗುತ್ತೆ."

ಈ ಪುಟದಲ್ಲಿ ನಾವು ಅತ್ತೆ-ಸೊಸೆ, ಮಕ್ಕಳ ಓದು, ತಿಂಗಳ ಖರ್ಚು ಎಲ್ಲ ಮಾತಾಡಿದ್ದೇವೆ. ಇದನ್ನು ಮಾತಾಡುವುದಕ್ಕೆ ಸಂಕೋಚವೇನೋ ಹೌದು. ಆದರೆ ಒಂದು ಜೀವದ ಪ್ರಶ್ನೆ ಇರುವಾಗ ಸಂಕೋಚವನ್ನು ಕಟ್ಟಿಕೊಂಡು ಏನು ಮಾಡುವುದು? ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಡಾಕ್ಟರಲ್ಲ. ಅದಕ್ಕೇ ನಮ್ಮ ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಹೋಗಿ, ಹೊರರೋಗಿಗಳ ಸಾಲು ಕರಗುವವರೆಗೆ ಬೆಂಚಿನ ಮೇಲೆ ಕೂತು, ಎಲ್ಲ ವಿವರವಾಗಿ ಕೇಳಿಕೊಂಡು ಬಂದು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮಾತನ್ನೇ ಒಂದಿಷ್ಟು ಗಮನಿಸಿ. ಮದುವೆ ಮನೆಯಲ್ಲಿ ಹೂ ಕಟ್ಟುತ್ತಾ ಕೂತಾಗ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗ, "ಎಷ್ಟು ಮಕ್ಕಳು? ಆಪರೇಷನ್ ಆಗಿದೆಯಾ?" ಅಂತ ಗುರುತಿಲ್ಲದ ಹೆಂಗಸರೂ ಕೇಳುತ್ತಾರೆ. ಯಾವ ಆಪರೇಷನ್ ಅಂತ ಯಾರೂ ತಿರುಗಿ ಕೇಳುವುದಿಲ್ಲ. ಹೆಂಗಸಿಗೆ ಆಪರೇಷನ್ ಅಂದರೆ ಅದೊಂದೇ, ಕಿವಿ ಚುಚ್ಚಿಸಿಕೊಂಡ ಹಾಗೆ, ವಯಸ್ಸಿಗೆ ಬಂದಾಗ ಆಗಲೇಬೇಕಾದ್ದು. ಅದೇ ಪ್ರಶ್ನೆಯನ್ನು ಒಬ್ಬ ಗಂಡಸಿಗೆ ಇನ್ನೊಬ್ಬ ಗಂಡಸು ಕೇಳಿದ್ದನ್ನು ನಾನಂತೂ ಇದುವರೆಗೆ ಕೇಳಿಲ್ಲ.

ಸರ್ಕಾರದವರು ಮನೆಮನೆಗೆ ಹೋಗಿ ಲೆಕ್ಕ ತೆಗೆಯುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಇದೆ. 2019-21ರ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಕ್ಕಳನ್ನು ಹೆರುವ ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 37.9 ಮಂದಿ ತಾವೇ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡಿರುವವರು ಎಷ್ಟು ಅಂತೀರಿ? ನೂರಕ್ಕೆ 0.3. ಅಂದರೆ ಹೆಚ್ಚುಕಡಿಮೆ ಮುನ್ನೂರು ಮನೆಗೆ ಒಬ್ಬ ಗಂಡಸು. ಅದೇ ಸಮೀಕ್ಷೆಯಲ್ಲಿ ಗಂಡಸರನ್ನು ಕೇಳಿದ್ದಾರೆ: ಮಕ್ಕಳಾಗದ ಹಾಗೆ ನೋಡಿಕೊಳ್ಳುವುದು ಹೆಂಗಸರ ಕೆಲಸವೋ, ಅದಕ್ಕೆ ಗಂಡಸು ತಲೆ ಕೆಡಿಸಿಕೊಳ್ಳಬೇಕೋ ಬೇಡವೋ ಅಂತ. ನೂರಕ್ಕೆ 35 ಮಂದಿ, ಅದು ಹೆಂಗಸರ ಬಾಬತ್ತು ಅಂದಿದ್ದಾರೆ. ಮಿಕ್ಕ 65 ಮಂದಿ ಹಾಗನ್ನಲಿಲ್ಲವಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಆ 65 ಮಂದಿಯಾದರೂ ಆಸ್ಪತ್ರೆ ಬಾಗಿಲಿಗೆ ಯಾಕೆ ಬರಲಿಲ್ಲ?

"ಗಂಡಸರ ಜಾತಿಯೇ ಹಾಗೆ, ಸೂಜಿ ಕಂಡರೆ ಹೆದರುತ್ತಾರೆ" ಅಂತ ನಾವು ನಕ್ಕು ಸುಮ್ಮನಾಗಿಬಿಡುತ್ತೇವೆ. ಅದು ನಿಜವಲ್ಲ ಸೋದರಿಯರೇ. ಹಿಂದೆ ಹೀಗಿರಲಿಲ್ಲ.

ನಮ್ಮ ಮೈಸೂರು ಸಂಸ್ಥಾನದ ವಿಷಯ ಕೇಳಿ. 1930ರಷ್ಟು ಹಿಂದೆಯೇ ಮಹಾರಾಜರ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಿತು. ಸರ್ಕಾರವೇ ನಿಂತು ಇಂಥದ್ದನ್ನು ಮಾಡಿದ್ದು ಜಗತ್ತಿನಲ್ಲೇ ಮೊದಲು ಅನ್ನುತ್ತಾರೆ. ಸ್ವತಂತ್ರ ಬಂದ ಮೇಲೆ 1952ರಲ್ಲಿ ಕುಟುಂಬ ಯೋಜನೆ ದೇಶದ ಕಾರ್ಯಕ್ರಮವಾಯಿತು. ಆಗಿನ ಕಾಲಕ್ಕೆ ಹೆಂಗಸಿನ ಹೊಟ್ಟೆ ಕೊಯ್ಯುವುದು ದೊಡ್ಡ ಕೆಲಸ, ಅಪಾಯವೂ ಹೆಚ್ಚು. ಗಂಡಸಿನದು ಸುಲಭ. ಹಾಗಾಗಿ ಗಂಡಸರೇ ಹೋಗುತ್ತಿದ್ದರು! 1960ರ ದಶಕದ ಕೊನೆಯಲ್ಲಿ ದೇಶದಲ್ಲಿ ಆದ ಸಂತಾನಹರಣ ಚಿಕಿತ್ಸೆಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಗಂಡಸರದ್ದೇ. 1971ರ ಜುಲೈ ತಿಂಗಳಲ್ಲಿ ಕೇರಳದ ಎರ್ನಾಕುಲಂನಲ್ಲಿ ಒಂದು ದೊಡ್ಡ ಶಿಬಿರ ನಡೆಯಿತು. ಹಣ, ಬಟ್ಟೆ, ಅಕ್ಕಿಯ ಉಡುಗೊರೆ ಇತ್ತೆನ್ನಿ. ಆದರೂ ಒಂದೇ ತಿಂಗಳಲ್ಲಿ 60 ಸಾವಿರಕ್ಕೂ ಹೆಚ್ಚು ಗಂಡಸರು ಬಂದು ಮಾಡಿಸಿಕೊಂಡು ಹೋದರು. ಅವರೇನು ಬೇರೆ ಮಣ್ಣಿನಿಂದ ಮಾಡಿದ ಗಂಡಸರೇ? ಅವರಿಗೆ ಮೀಸೆ ಇರಲಿಲ್ಲವೇ?

ನಮ್ಮ ಮನೆತನದಲ್ಲೇ ಒಬ್ಬರಿದ್ದರು. ನಮ್ಮ ತಾಯಿಯ ದೊಡ್ಡಣ್ಣ, ನನಗೆ ಸೋದರಮಾವ. ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಮೂರು ಮಕ್ಕಳಾದ ಮೇಲೆ, 1969ರಲ್ಲಿ, ಯಾರ ಬಲವಂತವೂ ಇಲ್ಲದೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದರಂತೆ. ನಮ್ಮತ್ತೆಗೂ ಮುಂಚೆ ಹೇಳಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಇನ್ನು ನೀನು ಹೆದರ್ಕೋಬೇಕಾಗಿಲ್ಲ ಕಣೇ" ಅಂದರಂತೆ. ನಮ್ಮತ್ತೆಗೆ ಮೂರನೆಯ ಹೆರಿಗೆ ಬಹಳ ಕಷ್ಟವಾಗಿತ್ತು. ಎಪ್ಪತ್ತು ದಾಟಿದ ಮೇಲೂ ನಮ್ಮತ್ತೆ ಈ ಮಾತನ್ನು ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆ ನಗುವಿನಲ್ಲಿ ನಾಚಿಕೆ ಎಷ್ಟಿತ್ತೋ ಹೆಮ್ಮೆಯೂ ಅಷ್ಟೇ ಇತ್ತು. ಊರಿನ ಕೆಲವರು ಮಾವನಿಗೆ 'ಕತ್ತರಿ ಮೇಷ್ಟ್ರು' ಅಂತ ಹೆಸರಿಟ್ಟರು. ಮಾವ ಸಿಟ್ಟಾಗಲಿಲ್ಲ. ಯಾರಾದರೂ ಎದುರಿಗೇ ಚೇಷ್ಟೆ ಮಾಡಿದರೆ, "ಬಾರಪ್ಪಾ, ಕೊಬ್ಬರಿ ಮೂಟೆ ಎತ್ತೋಣ, ಯಾರು ಮೊದಲು ಇಳಿಸ್ತಾರೋ ನೋಡೋಣ" ಅನ್ನುತ್ತಿದ್ದರಂತೆ. ರಿಟೈರ್ ಆದ ಮೇಲೂ ಸೈಕಲ್ಲಿನಲ್ಲಿ ತೋಟಕ್ಕೆ ಹೋಗಿ ನೀರು ಕಟ್ಟಿ ಬರುತ್ತಿದ್ದರು. ತೀರಿಕೊಂಡಾಗ ಎಂಬತ್ತೆರಡು ವರ್ಷ.

ಹಾಗಾದರೆ ನಡುವೆ ಏನಾಯಿತು?

ತುರ್ತು ಪರಿಸ್ಥಿತಿ ಬಂತು. 1975ರಿಂದ 1977. ನಮ್ಮಲ್ಲಿ ಅನೇಕರು ಆಗ ಹುಟ್ಟಿರಲಿಲ್ಲ, ಅಮ್ಮಂದಿರ ಬಾಯಲ್ಲಿ ಕೇಳಿದ್ದೇವೆ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು. ಅದರಲ್ಲಿ ಸುಮಾರು 62 ಲಕ್ಷ ಗಂಡಸರದ್ದು. ಉತ್ತರದ ಕಡೆ ಅನೇಕ ರಾಜ್ಯಗಳಲ್ಲಿ ಮೇಷ್ಟ್ರುಗಳಿಗೆ, ಸರ್ಕಾರಿ ನೌಕರರಿಗೆ ಇಷ್ಟು 'ಕೇಸು' ತರಬೇಕು ಅಂತ ಲೆಕ್ಕ ಗೊತ್ತು ಮಾಡಿದರು. ತರದಿದ್ದರೆ ಸಂಬಳ ತಡೆ. ಬಡವರನ್ನು ಹಿಡಿದು ತಂದರು, ವಯಸ್ಸಾದವರನ್ನೂ ಬಿಡಲಿಲ್ಲ, ಮದುವೆಯಾಗದವರನ್ನೂ ಬಿಡಲಿಲ್ಲ. ಅದು ಅನ್ಯಾಯ. ನೂರು ಸಲ ಅನ್ಯಾಯ. 1977ರ ಚುನಾವಣೆಯಲ್ಲಿ ಜನ ಸಿಟ್ಟು ತೀರಿಸಿಕೊಂಡರು. ಆಮೇಲೆ 'ಕುಟುಂಬ ಯೋಜನೆ' ಅನ್ನುವ ಹೆಸರು ಕೂಡ ಬೇಡವಾಗಿ 'ಕುಟುಂಬ ಕಲ್ಯಾಣ' ಅಂತಾಯಿತು. ಗಂಡಸರ ತಂಟೆಗೆ ಹೋದರೆ ವೋಟು ಹೋಗುತ್ತದೆ ಅನ್ನುವುದು ರಾಜಕೀಯದವರಿಗೆ ಚೆನ್ನಾಗಿ ಅರ್ಥವಾಯಿತು.

ಆದರೆ ಕಾರ್ಯಕ್ರಮ ನಿಲ್ಲಲಿಲ್ಲವಲ್ಲ. ಲೆಕ್ಕ ತುಂಬಬೇಕಲ್ಲ. ಯಾರಿಂದ ತುಂಬುವುದು? ಗಲಾಟೆ ಮಾಡದವರಿಂದ. ಹೆರಿಗೆಗೆ ಅಂತ ಹೇಗೂ ಆಸ್ಪತ್ರೆಗೆ ಬಂದೇ ಬರುವವರಿಂದ. ಅಷ್ಟರಲ್ಲಿ ಸಣ್ಣ ರಂಧ್ರ ಮಾಡಿ ದುರ್ಬೀನು ತೂರಿಸುವ ಲ್ಯಾಪ್ರೋಸ್ಕೋಪಿಯೂ ಬಂತು. ಸಾಲಾಗಿ ಮಲಗಿಸಿ ಒಬ್ಬರಾದ ಮೇಲೊಬ್ಬರಿಗೆ ಮಾಡುವುದು ಸುಲಭವಾಯಿತು. ನಮ್ಮ ಅಮ್ಮಂದಿರ ಕಾಲದ 'ಕ್ಯಾಂಪು' ಅಂದರೆ ಅದೇ. ಶಾಲೆಯ ಕೊಠಡಿಯಲ್ಲಿ ನೆಲದ ಮೇಲೆ ಸಾಲಾಗಿ ಮಲಗಿದ ಹೆಂಗಸರು, ಹೊರಗೆ ಮರದ ಕೆಳಗೆ ಕೈಗೂಸು ಹಿಡಿದು ಕೂತ ಅಜ್ಜಿಯರು. ಗಂಡಸರು ಬೀಡಿ ಸೇದುತ್ತಾ ಗೇಟಿನ ಹತ್ತಿರ.

ಹೀಗೆ ಮೂರು-ನಾಲ್ಕು ದಶಕ ಸಾಗಿದ್ದರ ಫಲ ಏನು ಗೊತ್ತೇ? 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಹತ್ತಿರ ಒಂದೇ ಶಿಬಿರದಲ್ಲಿ, ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹದಿಮೂರು ಮಂದಿ ಸತ್ತರು. ಎಲ್ಲ ಎಳೆ ಮಕ್ಕಳ ತಾಯಂದಿರು. 2016ರಲ್ಲಿ ಸುಪ್ರೀಂ ಕೋರ್ಟು, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕು ಅಂತ ಆಜ್ಞೆ ಮಾಡಿತು. ಇದನ್ನು ಬರೆದದ್ದು ನಿಮ್ಮನ್ನು ಹೆದರಿಸುವುದಕ್ಕಲ್ಲ. ಒಳ್ಳೆಯ ಆಸ್ಪತ್ರೆಯಲ್ಲಿ ಸರಿಯಾಗಿ ಮಾಡಿದರೆ ಹೆಂಗಸರ ಆಪರೇಷನ್ನೂ ಕ್ಷೇಮವೇ, ಲಕ್ಷಗಟ್ಟಲೆ ಜನ ಮಾಡಿಸಿಕೊಂಡು ಚೆನ್ನಾಗಿದ್ದಾರೆ. ಆದರೆ ಎರಡರಲ್ಲಿ ಯಾವುದು ಹಗುರ ಅಂತ ಕೇಳಿದರೆ ಯಾವ ಡಾಕ್ಟರೂ ಗಂಡಸರದ್ದೇ ಹಗುರ ಅನ್ನುತ್ತಾರೆ.

ಈಗ ಆ ಅತ್ತೆಯ ಮಾತಿಗೆ ಬರೋಣ. ಅವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಹಳ್ಳಿಯಲ್ಲಿ ಬೆಳೆದವರ ಕಣ್ಣಿಗೆ ಕಟ್ಟಿರುವುದು ಹೋರಿಗೆ ಬೀಜ ಒಡೆಯುವುದು. ಕೊಬ್ಬಿದ ಹೋರಿಯನ್ನು ಕೆಡವಿ, ಕಾಲು ಕಟ್ಟಿ, ಬೀಜ ಒಡೆಸಿದರೆ ಅದು ಸಾಧು ಎತ್ತಾಗುತ್ತದೆ. ಗಂಡಸರ ಆಪರೇಷನ್ ಅಂದರೂ ಹಾಗೇ ಏನೋ ಅಂತ ಅವರ ಎಣಿಕೆ. ಬಾಯಿ ಬಿಟ್ಟು ಹೇಳುವುದಿಲ್ಲ, ಮನಸ್ಸಿನಲ್ಲಿ ಇರುವುದು ಅದೇ. ಎರಡಕ್ಕೂ ಸಂಬಂಧವೇ ಇಲ್ಲ. ಗಂಡಸರ ಆಪರೇಷನ್ನಿನಲ್ಲಿ ಬೀಜವನ್ನು ಮುಟ್ಟುವುದೇ ಇಲ್ಲ. ಅಲ್ಲಿಂದ ವೀರ್ಯಾಣು ಹೊತ್ತು ಬರುವ ದಾರದಂಥ ಎರಡು ನಾಳಗಳಿವೆ, ಅವನ್ನು ಕತ್ತರಿಸಿ ಕಟ್ಟುತ್ತಾರೆ, ಅಷ್ಟೇ. ಗಡ್ಡ ಮೀಸೆ, ಗಂಟಲು, ತೋಳಿನ ಬಲ, ಗಂಡಹೆಂಡಿರ ಸುಖ ಇವಕ್ಕೆಲ್ಲ ಬೇಕಾದ ರಸ ನೇರವಾಗಿ ರಕ್ತಕ್ಕೆ ಸೇರುತ್ತದೆ. ಅದಕ್ಕೆ ಆ ನಾಳದ ಹಂಗಿಲ್ಲ. ಹಿತ್ತಿಲಿಗೆ ಹೋಗುವ ಪೈಪಿನ ನಲ್ಲಿ ಮುಚ್ಚಿದರೆ ಬಾವಿ ಬತ್ತುತ್ತದೆಯೇ?

ಇನ್ನೊಂದು ಮಾತು, ನಗಬೇಡಿ. ಬಲ ಹೋಗುತ್ತದೆ, ನೇಗಿಲು ಎಳೆಯುವವರಾರು ಅಂತ ಅಳುತ್ತಾರಲ್ಲ, ಆ ನೇಗಿಲು ಎಳೆಯುವ ಎತ್ತು ಯಾವುದು? ಬೀಜ ಒಡೆಸಿಕೊಂಡದ್ದೇ ತಾನೇ! ಅದೇ ಊರಿಗೆಲ್ಲ ಅನ್ನ ಹಾಕುತ್ತದೆ. ಇದನ್ನು ನಮ್ಮ ಡಾಕ್ಟರಮ್ಮನಿಗೆ ಹೇಳಿದೆ. ಕನ್ನಡಕ ತೆಗೆದಿಟ್ಟು ನಕ್ಕರು.

ಹಳ್ಳಿಯ ಅತ್ತೆಯರದ್ದು ತಿಳಿವಳಿಕೆ ಇಲ್ಲದ ಹೆದರಿಕೆ ಅಂದುಕೊಂಡರೂ, ಓದಿದವರ ಕಥೆ ಏನು? ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿರುವವರೂ ಈ ಮಾತೆತ್ತಿದರೆ ಫೋನು ನೋಡುತ್ತಾ ಎದ್ದು ಹೋಗುತ್ತಾರೆ. ಇದಕ್ಕೆ ಈಗಿನ ಕಾಲದ ಪಾಲೂ ಇದೆ ಅಂತ ನನ್ನ ಅಭಿಪ್ರಾಯ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ, ಈಗ ಫೋನಿನ ಒಳಗೂ, ಗಂಡಸುತನ ಕಡಿಮೆಯಾಗಿದೆಯೇ, ನಮ್ಮ ಗುಳಿಗೆ ತಗೊಳ್ಳಿ ಅನ್ನುವ ಜಾಹೀರಾತು. ಇಲ್ಲದ ಕಾಯಿಲೆ ಹುಟ್ಟಿಸಿ ಔಷಧಿ ಮಾರುವವರು ಅವರು. ಬೈಕು, ಬನಿಯನ್ನು, ಗಡ್ಡಕ್ಕೆ ಹಚ್ಚುವ ಎಣ್ಣೆ, ಎಲ್ಲದರ ಮೇಲೂ 'ಗಂಡಸು ಅಂದರೆ ಹೀಗಿರಬೇಕು' ಅನ್ನುವ ಚಿತ್ರ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಬೆಳ್ಳಗಾಗುವ ಕ್ರೀಮು ಮಾರುತ್ತಿದ್ದರು. 2005ರಲ್ಲಿ ಗಂಡಸರಿಗೆ ಅಂತಲೇ 'ಫೇರ್ ಅಂಡ್ ಹ್ಯಾಂಡ್‌ಸಮ್' ಬಂತು. ಹೆಂಗಸರ ಕ್ರೀಮು ಕದ್ದು ಹಚ್ಚುವುದು ಗಂಡಸಿಗೆ ಅವಮಾನ, ಇದಾದರೆ ಗಂಡಸರದ್ದು ಅನ್ನುವ ಹಾಗೆ! 2018ರಲ್ಲಿ ಕೆ.ಜಿ.ಎಫ್. ಸಿನಿಮಾ ಬಂದ ಮೇಲೆ ನಮ್ಮ ಬೀದಿಯ ಪಿಯುಸಿ ಹುಡುಗರೆಲ್ಲ ಗಡ್ಡ ಬಿಟ್ಟರು, ಬಂದಷ್ಟು. ಗಡ್ಡ ಬಿಡಲಿ, ನನ್ನದೇನೂ ತಕರಾರಿಲ್ಲ, ಚೆನ್ನಾಗೇ ಕಾಣುತ್ತಾರೆ. ಆದರೆ ದಿನಕ್ಕೆ ನೂರು ಸಲ ಇಂಥದ್ದನ್ನೇ ನೋಡಿದ ಹುಡುಗನಿಗೆ, ಗಂಡಸುತನ ಅಂದರೆ ಯಾರೋ ಕಸಿದುಕೊಂಡು ಹೋಗಬಹುದಾದ ವಸ್ತು, ಸದಾ ಕಾವಲು ಕಾಯುತ್ತಿರಬೇಕು ಅಂತ ಅನ್ನಿಸಿದರೆ ಆಶ್ಚರ್ಯವೇ?

ನಾವು ತಾಯಂದಿರೂ ಅದಕ್ಕೆ ಎರಡು ಚಮಚ ಸೇರಿಸುತ್ತೇವೆ ಅನ್ನಿ. ಐದು ವರ್ಷದ ಮಗ ಬಿದ್ದು ಅತ್ತರೆ "ಗಂಡು ಹುಡುಗ ಆಗಿ ಅಳ್ತೀಯಾ?" ಇನ್ನೂ ಸ್ವಲ್ಪ ಬೆಳೆದು ಜಗಳಕ್ಕೆ ಹೋಗದಿದ್ದರೆ "ಕೈಗೆ ಬಳೆ ತೊಟ್ಕೊಂಡು ಮನೇಲಿ ಕೂತ್ಕೋ." ಬಳೆ ತೊಟ್ಟ ಕೈಗಳೇ ಈ ಮಾತು ಹೇಳುವುದು, ಅದೇ ತಮಾಷೆ. ಕುಟುಂಬ ಯೋಜನೆಯವರು ಗೋಡೆಯ ಮೇಲೆ ಬರೆಸುತ್ತಿದ್ದ ಮಾತೂ ನೆನಪಿದೆಯಲ್ಲ? ಆರತಿಗೊಬ್ಬಳು, ಕೀರ್ತಿಗೊಬ್ಬ. ಮಗಳು ಆರತಿ ಎತ್ತುವುದಕ್ಕೆ, ಮಗ ಕೀರ್ತಿ ತರುವುದಕ್ಕೆ. ಕೀರ್ತಿ ತರಬೇಕಾದವನ ಮೈಗೆ ಕತ್ತರಿ ತಾಗಬಾರದು ಅಂತ ತಾಯಿಗೆ ಅನ್ನಿಸುವುದು ಸಹಜವೇ. ಇನ್ನೊಬ್ಬ ತಾಯಿಯ ಮಗಳಿಗೆ ತಾಗಬಹುದು.

ಹೆಂಡತಿಯರೇ ಬೇಡ ಅನ್ನುವುದೂ ಉಂಟು, ಗೊತ್ತೇ? ನನಗೆ ಗೊತ್ತಿರುವ ಇಬ್ಬರು, ಗಂಡ ಸಿದ್ಧನಿದ್ದರೂ ಬೇಡ ಅಂತ ತಾವೇ ಹೋಗಿ ಮಾಡಿಸಿಕೊಂಡರು. ಒಬ್ಬಾಕೆ ಕಾರಣ ಹೇಳಿದಾಗ ನನಗೆ ಉತ್ತರ ತೋಚಲಿಲ್ಲ. "ಅವರಿಗೆ ಆಪರೇಷನ್ ಆದ್ಮೇಲೂ ಅಕಸ್ಮಾತ್ ನಂಗೆ ನಿಂತ್ರೆ? ಊರು ಆಪರೇಷನ್ ಕೆಟ್ಟೋಗಿದೆ ಅನ್ನುತ್ತಾ, ನಾನು ಕೆಟ್ಟೋಗಿದೀನಿ ಅನ್ನುತ್ತಾ?" ಅಂದಳು. ಎಷ್ಟು ನಿಜ ಅಲ್ಲವೇ? ಆದ್ದರಿಂದ ಮುಂದೆ ಹೇಳುವ ಮೂರು ತಿಂಗಳ ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಿ. ಮನೆಯವರಿಗೂ ಓದಿಸಿ. ಹೆಣ್ಣಿನ ಮಾನ ಅದರಲ್ಲಿದೆ.

ಗಂಡಸರ ಆಪರೇಷನ್ನಿನಲ್ಲಿ ಈಗ ಬಳಕೆಯಲ್ಲಿರುವುದು ಎನ್‌.ಎಸ್‌.ವಿ. ಅನ್ನುವ ವಿಧಾನ. 1974ರಲ್ಲಿ ಚೀನಾದ ಡಾಕ್ಟರೊಬ್ಬರು ಕಂಡುಹಿಡಿದದ್ದು. ಕತ್ತಿಯೇ ಇಲ್ಲ! ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮದಲ್ಲಿ ಒಂದು ಸಣ್ಣ ತೂತು ಮಾಡಿ, ಅದರಿಂದಲೇ ನಾಳ ಎಳೆದು ಕಟ್ಟುತ್ತಾರೆ. ಹೊಲಿಗೆ ಇಲ್ಲ. ಹದಿನೈದು-ಇಪ್ಪತ್ತು ನಿಮಿಷ. ಒಂದಷ್ಟು ಹೊತ್ತು ಮಲಗಿದ್ದು ಅದೇ ದಿನ ಮನೆಗೆ. ಎರಡು ದಿನ ವಿಶ್ರಾಂತಿ, ಲಂಗೋಟಿ ಅಥವಾ ಬಿಗಿಯಾದ ಚಡ್ಡಿ ಹಾಕಿಕೊಂಡಿರಬೇಕು. ಮೂಟೆ ಹೊರುವುದು, ಸೈಕಲ್ ತುಳಿಯುವುದು ಒಂದು ವಾರ ಬೇಡ. ಸ್ವಲ್ಪ ಊತ, ನೋವು ಕೆಲವರಿಗೆ ಇರುತ್ತದೆ, ಮಾತ್ರೆಗೆ ಹೋಗುತ್ತದೆ. ಜ್ವರ ಬಂದರೆ, ಕೀವಾದರೆ, ಊತ ಹೆಚ್ಚಾದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಬಹಳ ಅಪರೂಪಕ್ಕೆ ಕೆಲವರಿಗೆ ನೋವು ಬಹಳ ದಿನ ಉಳಿಯುವುದೂ ಉಂಟು ಅಂತ ಡಾಕ್ಟರಮ್ಮ ಮುಚ್ಚಿಡದೆ ಹೇಳಿದರು.

ಮುಖ್ಯವಾದ್ದು ಇದು. ಆಪರೇಷನ್ ಆದ ಕೂಡಲೇ ಫಲ ಕಾಣುವುದಿಲ್ಲ. ನಾಳದಲ್ಲಿ ಮೊದಲೇ ಇದ್ದ ವೀರ್ಯಾಣು ಖಾಲಿಯಾಗಬೇಕಲ್ಲ. ಅದಕ್ಕೆ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಇಲ್ಲವೇ ಬೇರೆ ಏನಾದರೂ ಉಪಾಯ ಬಳಸಲೇಬೇಕು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಅಂತ ಚೀಟಿ ಪಡೆಯಬೇಕು. ಈ ಪರೀಕ್ಷೆಗೆ ಮಾತ್ರ ಗಂಡಸರು ನಾಚಿಕೊಂಡು ಹೋಗುವುದೇ ಇಲ್ಲವಂತೆ. ಆಮೇಲೆ ಹೆಂಡತಿ ಬಸುರಾದರೆ ಆಕೆಯ ಮೇಲೆ ಅನುಮಾನ. ಆ ಚೀಟಿ ಕೈಗೆ ಬರುವವರೆಗೆ ಆಪರೇಷನ್ ಆಗಿದೆ ಅಂತ ಲೆಕ್ಕಕ್ಕೇ ತಗೊಳ್ಳಬೇಡಿ. ಚೀಟಿ ಬಂದ ಮೇಲೂ ಸಾವಿರದಲ್ಲೊಂದು ಕೆಟ್ಟುಹೋಗುವುದು ಇದ್ದೇ ಇದೆ, ಹೆಂಗಸರದ್ದೂ ಹಾಗೇ ಕೆಟ್ಟುಹೋಗುತ್ತದೆ. ಹಾಗಾದಾಗ ಮೊದಲು ಇನ್ನೊಮ್ಮೆ ಗಂಡನ ಪರೀಕ್ಷೆ ಆಗಬೇಕೇ ಹೊರತು ಹೆಂಡತಿಯ ವಿಚಾರಣೆಯಲ್ಲ.

ಇದು ಶಾಶ್ವತ ಅನ್ನುವುದೂ ನೆನಪಿರಲಿ. ತಿರುಗಿ ಜೋಡಿಸುವ ಆಪರೇಷನ್ ಇದೆ, ಆದರೆ ಕೂಡಿಯೇ ಕೂಡುತ್ತದೆ ಅನ್ನುವ ಭರವಸೆ ಇಲ್ಲ. ಮಕ್ಕಳು ಸಾಕು ಅಂತ ಇಬ್ಬರಿಗೂ ಖಚಿತವಾಗಿದ್ದರೆ ಮಾತ್ರ. ಸರ್ಕಾರಿ ಆಸ್ಪತ್ರೆಗಳಲ್ಲಿ ಖರ್ಚಿಲ್ಲ. ಸರ್ಕಾರ ಕೊಡುವ ಪರಿಹಾರದ ಹಣವೂ ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಇದಕ್ಕೆಂದೇ ಎರಡು ವಾರ ಪ್ರಚಾರ ಮಾಡುತ್ತಾರೆ. ಆದರೆ ಮನೆಗೆ ಬಂದು ಹೇಳುವವರು ಯಾರು? ಆಶಾ ಕಾರ್ಯಕರ್ತೆಯರು. ಅವರೂ ನಮ್ಮ ಹಾಗೆ ಹೆಂಗಸರು, ಬೇರೆ ಮನೆಯ ಗಂಡಸಿನ ಹತ್ತಿರ ಈ ಮಾತು ಹೇಗೆ ಆಡಿಯಾರು ಪಾಪ? ಅಡಿಗೆಮನೆಯ ಬಾಗಿಲಲ್ಲಿ ನಿಂತು ನಮಗೇ ಹೇಳಿ ಹೋಗುತ್ತಾರೆ. ಅಲ್ಲಿಗೆ ಸುದ್ದಿ ಅಡಿಗೆಮನೆಯಲ್ಲೇ ಉಳಿಯುತ್ತದೆ. ನಮ್ಮ ನೆರೆಯ ಪುಟ್ಟ ಭೂತಾನಿನಲ್ಲಿ ಗಂಡಸರು ಮಾಡಿಸಿಕೊಳ್ಳುವುದು ಸಾಮಾನ್ಯ ಸಂಗತಿಯಂತೆ. ಅಲ್ಲಿನವರು ಬೆಟ್ಟ ಹತ್ತುವುದನ್ನೇನೂ ಬಿಟ್ಟಿಲ್ಲ.

ಈಗ ತಂಗೀ, ನಿಮ್ಮ ಪ್ರಶ್ನೆಗೆ. ಜಗಳ ತಪ್ಪಲಿ ಅಂತ ಮಾತ್ರ ನೀವು ಆ ಟೇಬಲ್ಲಿನ ಮೇಲೆ ಮಲಗಬೇಡಿ. ನಿಮ್ಮ ರಕ್ತ ಈಗ ಎಷ್ಟಿದೆ ಅಂತ ಮೊದಲು ಪರೀಕ್ಷೆ ಮಾಡಿಸಿ. ಯಾರಿಗೆ ಆಪರೇಷನ್ ಅನ್ನುವುದು ತೀರ್ಮಾನವಾಗುವವರೆಗೆ ಸುಮ್ಮನೆ ಕೂರುವುದು ಎಲ್ಲಕ್ಕಿಂತ ಅಪಾಯ. ನಿರೋಧ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಇಂಜೆಕ್ಷನ್, 'ಛಾಯಾ' ಅನ್ನುವ ಗುಳಿಗೆ 2017ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಸೇರಿವೆ. ಕಾಪರ್-ಟಿಯಿಂದ ಕೆಲವರಿಗೆ ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದೆ, ನಿಮಗೆ ಮೊದಲೇ ರಕ್ತ ಕಡಿಮೆ, ಹಾಗಾಗಿ ಡಾಕ್ಟರಮ್ಮನನ್ನು ಕೇಳದೆ ಹಾಕಿಸಿಕೊಳ್ಳಬೇಡಿ.

ನಿಮ್ಮ ಯಜಮಾನರ ವಿಷಯ. ಅವರು ಒಲ್ಲೆ ಅಂದಿಲ್ಲ, ಅದನ್ನು ಮರೆಯಬೇಡಿ. ಡಾಕ್ಟರಮ್ಮ ಕರೆದಾಗ ಒಳಗೆ ಬಂದು ಕೂತು ಕೇಳಿಸಿಕೊಂಡರಲ್ಲ, ಅದೂ ದೊಡ್ಡದೇ. ಹೀಯಾಳಿಸಿ, ಹಂಗಿಸಿ ಒಪ್ಪಿಸುವುದಕ್ಕೆ ಹೋಗಬೇಡಿ. ಬಲವಂತದ ಫಲ ಏನಾಯಿತು ಅಂತ ಈ ದೇಶ ಒಂದು ಸಲ ನೋಡಿಯಾಗಿದೆ. ಊರಿನವರಿಗೆ ಯಾಕೆ ಗೊತ್ತಾಗಬೇಕು? ನಿಮಗೆ ಆಪರೇಷನ್ ಆಗಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು, ನಿಜ. ಇದು ಬೆಳಗ್ಗೆ ಹೋಗಿ ಸಂಜೆ ಬರುವ ಕೆಲಸ. ಎರಡು ದಿನ ಸೊಂಟ ಹಿಡಿದಿದೆ ಅಂದರೆ ಆಯಿತು. ಅವರಿಗೆ ಕೇಳಬೇಕಾದ ಪ್ರಶ್ನೆಗಳಿದ್ದರೆ ನಿಮ್ಮ ಮುಂದೆ ಕೇಳಲು ನಾಚಿಕೆಯಾಗಬಹುದು. ಆಸ್ಪತ್ರೆಯಲ್ಲಿ ಗಂಡಸು ಡಾಕ್ಟರೊಬ್ಬರ ಹತ್ತಿರ ಒಬ್ಬರೇ ಹೋಗಿ ಮಾತಾಡಿಕೊಂಡು ಬರಲಿ.

ಅತ್ತೆಯವರನ್ನು ಮಾತ್ರ ಬಿಟ್ಟು ಹೋಗಬೇಡಿ. ಮುಂದಿನ ಸಲ ರಕ್ತ ಪರೀಕ್ಷೆಗೆ ಹೋಗುವಾಗ, "ಮಗೂನ ಎತ್ಕೊಳ್ಳೋಕೆ ಬನ್ನಿ ಅತ್ತೆ" ಅಂತ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಸೊಸೆ ಹೇಳಿದ ಮಾತು ಅವರ ಕಿವಿಗೆ ಹೋಗದೆ ಇರಬಹುದು. ಮೇಜಿನ ಆಚೆ ಕೂತ ಡಾಕ್ಟರಮ್ಮ ಅದೇ ಮಾತು ಹೇಳಿದರೆ ಹೋಗುತ್ತದೆ. ಎರಡನೆಯ ಹೆರಿಗೆಯ ರಾತ್ರಿ ರಕ್ತದ ಬಾಟಲಿಗೆ ಓಡಾಡಿದ್ದನ್ನು ಅವರೂ ಕಂಡಿದ್ದಾರೆ. ಮಗನ ಬಲ ಹೋದೀತು ಅಂತ ಹೆದರುವವರು, ಆ ರಾತ್ರಿ ಸೊಸೆ ಹೋಗಿದ್ದರೆ ಈ ಎರಡು ಕೂಸುಗಳನ್ನು ಯಾರು ಸಾಕುತ್ತಿದ್ದರು ಅನ್ನುವುದನ್ನು ಯೋಚಿಸದೆ ಇರುವಂಥವರಲ್ಲ. ಇಷ್ಟು ಆದ ಮೇಲೂ ನಿಮ್ಮ ಯಜಮಾನರಿಗೆ ಮನಸ್ಸು ಬರಲಿಲ್ಲ ಅಂದರೆ, ರಕ್ತ ಸರಿಹೋದ ಮೇಲೆ ನಿಮಗೆ ಏನು ಮಾಡಬಹುದು ಅಂತ ಡಾಕ್ಟರಮ್ಮನೇ ಹೇಳುತ್ತಾರೆ. ಏನಾಯಿತು ಅಂತ ತಪ್ಪದೆ ಒಂದು ಸಾಲು ಬರೆಯಿರಿ.

ಮನೆಯ ಗಂಡಸರು ಮಾಡಿಸಿಕೊಂಡಿರುವ ಸೋದರಿಯರು ಯಾರಾದರೂ ನಮ್ಮ ಓದುಗರಲ್ಲಿದ್ದರೆ, ಹೆಸರಿಲ್ಲದೆಯೇ ಆಗಲಿ, ನಿಮ್ಮ ಅನುಭವ ಬರೆದು ಕಳಿಸಿ. ಮುನ್ನೂರಕ್ಕೆ ಒಬ್ಬರಾದರೂ ಇದ್ದೀರಲ್ಲ! ಹೋದ ಸಂಚಿಕೆಯಲ್ಲಿ ಕೇಳಿದ್ದ ಎಣ್ಣೆ ಹಾಕದ ನಿಂಬೆಕಾಯಿ ಉಪ್ಪಿನಕಾಯಿಗೆ ಈ ಸಲ ಜಾಗ ಸಾಲಲಿಲ್ಲ. ಮುಂದಿನ ಸಂಚಿಕೆಗೆ ಅಳತೆ ಸಮೇತ ಬರೆಯುತ್ತೇನೆ. ಅಷ್ಟರಲ್ಲಿ ಕಾಯಿ ತಂದು, ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಒರೆಸಿ ಇಟ್ಟುಕೊಂಡಿರಿ.